ಸುಣ್ಣದ ಗೆರೆಯ ಈಚೆ ನಿಂತ ಗಂಗಿ

ಸಾವಿರದ ಒಂಬೈನೂರ ಅರವತ್ಮೂರರಲ್ಲಿ ನಾನು ಕೊಲ್ಹಾಪುರದ ರೈಲ್ವೆ ಲೋಕೊ ಶೆಡ್ಡಿನಲ್ಲಿ ಬಾಯ್ಲರ್ ಚಾರ್ಜ್‌ಮನ್ ಆಗಿದ್ದೆ. ಎಂಜಿನ್ನಿನ ಚಕ್ರ, ಪಿಸ್ಟನ್ನುಗಳು ಬೇರೆಯವರ ಪಾಲು. ನೀರು ಕುದಿದು ಉಗಿಯಾಗುವ ಹೊಟ್ಟೆ ಮಾತ್ರ ನನ್ನ ಪಾಲು. ಊರು ಗಡಹಿಂಗ್ಲಜ. ಮನೆಯವರೆಲ್ಲ ಮೆಣಸಿನಕಾಯಿ, ಬೆಲ್ಲದ ವ್ಯಾಪಾರದವರು, ಕೈ ಕಪ್ಪು ಮಾಡಿಕೊಂಡವನು ನಾನೊಬ್ಬನೇ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಇದೆ. ಬಾಯ್ಲರ್ ಕೆಲಸಕ್ಕೆ ಅದು ಅವಗುಣವಲ್ಲ ಎಂದು ಹೆಂಡತಿಯ ಎದುರು ಇಂದಿಗೂ ವಾದಿಸುತ್ತೇನೆ, ಗೆದ್ದದ್ದಿಲ್ಲ.

ಶೆಡ್ಡಿನ ಹಿಂದಿನ ಸೈಡಿಂಗ್ ಹಳಿಯ ಮೇಲೆ, ಎಕ್ಕೆಗಿಡಗಳ ನಡುವೆ, ಗಂಗಿ ನಿಂತಿದ್ದಳು. ಸಂಸ್ಥಾನದ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ಪುಟ್ಟ ಟ್ಯಾಂಕ್ ಎಂಜಿನ್ ಅದು. ಟ್ಯಾಂಕ್ ಎಂಜಿನ್ ಎಂದರೆ ನೀರಿನ ತೊಟ್ಟಿ ಹಿಂದೆ ಬೇರೆ ಗಾಡಿಯಲ್ಲಿರದೆ ಬಾಯ್ಲರಿನ ಎರಡೂ ಪಕ್ಕೆಗೆ ಕೂತಿರುತ್ತದೆ. ಮಿರಜದ ದಾರಿಯಲ್ಲಿ ನಿಂತಲ್ಲೆಲ್ಲ ನೀರು ಕೇಳುತ್ತಿತ್ತಂತೆ, ಅದಕ್ಕೆ ಹಳೆಯ ಡ್ರೈವರುಗಳು ಗಂಗಿ ಎಂದು ಕರೆದರು. ಆ ಡ್ರೈವರುಗಳಲ್ಲಿ ಉಳಿದಿದ್ದವರು ದಸ್ತಗೀರ್ ಚಾಚಾ ಒಬ್ಬರೇ. ಹದಿಹರೆಯದಲ್ಲಿ ಅದೇ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಅದನ್ನೇ ಓಡಿಸಿ, ನಿವೃತ್ತರಾಗಿದ್ದರು. ನಿವೃತ್ತಿಯ ಮರುದಿನವೂ ಶೆಡ್ಡಿಗೆ ಬಂದರು. ದಿನಾ ಬಂದು, ಸತ್ತ ಎಂಜಿನ್ನಿನ ಕಡ್ಡಿಗಳನ್ನು ಎಣ್ಣೆಬಟ್ಟೆಯಿಂದ ಒರೆಸಿ, ಅದರ ಮೆಟ್ಟಿಲ ಮೇಲೆ ಕೂತು ಬೀಡಿ ಸೇದಿ ಹೋಗುತ್ತಿದ್ದರು. ಮನೆಯಲ್ಲಿ ಅವರಿಗಾಗಿ ಕಾಯುವವರು ಯಾರೂ ಇರಲಿಲ್ಲ.

ಆ ವರ್ಷ ಮಳೆಗಾಲಕ್ಕೆ ಮೊದಲು ಗಂಗಿಯನ್ನು ಗುಜರಿಗೆ ಹಾಕುವ ಹುಕುಂ ಬಂತು. ಕೊಂಡ ಗುತ್ತಿಗೆದಾರ ಗ್ಯಾಸ್ ಕಟರ್ ತಂದು ತುಂಡು ಮಾಡುವುದೊಂದೇ ಬಾಕಿ. ಸುದ್ದಿ ಕೇಳಿದ ಚಾಚಾ ನನ್ನ ಹತ್ತಿರ ಬಂದು ಕೂತರು. ಒಂದೇ ಮಾತು ಆಡಿದರು.

"ಆಕೀನ್ನ ಕೊಯ್ಯೂದು ನೋಡಾಕ ನಾ ಇರಬಾರದು, ಮೇಸ್ತ್ರಿ."

ಆ ಮಾತನ್ನು ಅವರು ಅಳುತ್ತ ಹೇಳಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಹುಬ್ಬಳ್ಳಿಯಿಂದ ತಪಾಸಣೆಗೆ ಬರುತ್ತಿದ್ದ ಮೆಕ್ಯಾನಿಕಲ್ ಅಧಿಕಾರಿಯೊಬ್ಬರಿದ್ದರು, ಮೈಸೂರು ಕಡೆಯವರು, ಕೆಟ್ಟವರಲ್ಲ. ಅವರ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಸತ್ತ ಎಂಜಿನ್ ಕಾಯ್ದೆ ಪ್ರಕಾರ ಬರೀ ಕಬ್ಬಿಣ ಕಣ್ರೀ. ಕಬ್ಬಿಣ ಗುಜರಿಗೆ ಹೋಗಲೇಬೇಕು. ಬದುಕಿರೋ ಎಂಜಿನ್ ಆದ್ರೆ ನಾನು ಏನಾದ್ರೂ ಬರೀಬಹುದು." ಅವರು ಹಾಕಿದ ಷರತ್ತು ಇಷ್ಟು: ಇಲಾಖೆಯಿಂದ ಏನನ್ನೂ ಕೇಳದೆ ನೀವೇ ದುರಸ್ತಿ ಮಾಡಿಕೊಳ್ಳಿ. ದಸರೆ ಮುಗಿದ ಮಾರನೆಯ ದಿನ ಬರುತ್ತೇನೆ. ಎಂಜಿನ್ ಸ್ವಂತ ಉಗಿಯಲ್ಲಿ ಸೈಡಿಂಗಿನಿಂದ ಗೂಡ್ಸ್ ಶೆಡ್ಡಿನ ಪಕ್ಕದ ಖಾಲಿ ಜಾಗದವರೆಗೆ ಬಂದರೆ, ಅಲ್ಲೇ ಜನ ನೋಡುವಂತೆ ಶಾಶ್ವತವಾಗಿ ನಿಲ್ಲಿಸಲು ಬರೆದುಕೊಡುತ್ತೇನೆ. ಬರದಿದ್ದರೆ ಗುತ್ತಿಗೆದಾರನ ಪಾಲು. ದೂರ ಮುಕ್ಕಾಲು ಮೈಲಿಯೂ ಇರಲಿಲ್ಲ.

ಹೀಗೆ ನಮ್ಮ ರವಿವಾರದ ಗುಂಪು ಹುಟ್ಟಿತು. ಶಿವಾಜಿ ಉದ್ಯಮನಗರದ ಕಡೆಯ ಒಬ್ಬ ಫೌಂಡ್ರಿ ಮಾಲಕ, ನಾವೆಲ್ಲ ತಾತ್ಯಾ ಅನ್ನುತ್ತಿದ್ದೆವು, ಒಡೆದ ಬಿಡಿಭಾಗಗಳನ್ನು ಬಿಟ್ಟಿಯಾಗಿ ಎರಕ ಹೊಯ್ದುಕೊಡಲು ಒಪ್ಪಿದರು. ಇಚಲಕರಂಜಿಯಿಂದ ಮಲ್ಲೇಶಿ ಬರುತ್ತಿದ್ದ. ಹುನಗುಂದದ ಕಡೆಯಿಂದ ಬಂದು ಪವರ್‌ಲೂಮಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಅವನು. ಉಗಿ ಸೋರದಂತೆ ಪಿಸ್ಟನ್ ಕಡ್ಡಿಯ ಸುತ್ತ ಬಿಗಿಯುವ ಹತ್ತಿಯ ಹುರಿಯನ್ನು ಅವನ ಹೆಂಡತಿ ಮನೆಯಲ್ಲೇ ಜಡೆ ಹೆಣೆದಂತೆ ಹೆಣೆದು ಕಳಿಸುತ್ತಿದ್ದಳು. ಕೊನೆಯವನು ನೇಸರಿಯ ಕಲ್ಲಪ್ಪ.

ಕಲ್ಲಪ್ಪ ಗುಳವ್ಯಾ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಬೆಲ್ಲದ ಹದ ಹಿಡಿಯುವವನಿಗೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಕೊಲ್ಹಾಪುರದ ಬೆಲ್ಲದ ಪೇಟೆಗೆ ಮಾಲು ತಂದವನು ಒಮ್ಮೆ ನಮ್ಮನ್ನು ನೋಡುತ್ತ ನಿಂತ, ಆಮೇಲೆ ಬಿಟ್ಟು ಹೋಗಲಿಲ್ಲ. "ಇದೂ ಒಂದ ಕೊಪ್ಪರಿಗೀನ ಬಿಡ್ರಿ, ಮುಚ್ಚಳ ಗಟ್ಟಿ ಐತಿ ಅಷ್ಟ" ಎನ್ನುತ್ತಿದ್ದ. ಬೆಂಕಿಯ ಪೆಟ್ಟಿಗೆಯೊಳಗಿನ ಇಟ್ಟಿಗೆ ಕಮಾನು ಬಿದ್ದುಹೋಗಿತ್ತು. ಅವನು ತನ್ನ ಒಲೆಗೆ ಹಾಕುವ ಮಣ್ಣು ತಂದು, ಒಳಗೆ ತೆವಳಿ ಕೂತು, ಎಷ್ಟು ಚಂದ ಕಟ್ಟಿದನೆಂದರೆ ನಮ್ಮ ಶೆಡ್ಡಿನ ಗೌಂಡಿ ನಾಚಿಕೊಂಡ. ಚಾಚಾನಿಗೂ ಅವನಿಗೂ ಭಾರಿ ದೋಸ್ತಿ. ಇಬ್ಬರೂ ಬೆಂಕಿಯ ಜನ.

ಗುಳವ್ಯಾನ ಕಸಬಿನಲ್ಲಿ ಒಂದು ರೂಢಿಯಿದೆ. ಕೊಪ್ಪರಿಗೆಗೆ ಏನು ಹಾಕುತ್ತೇನೆ, ಎಷ್ಟು ಹಾಕುತ್ತೇನೆ ಎಂದು ಅವನು ಬಾಯಿ ಬಿಡುವುದಿಲ್ಲ. ಸುತ್ತ ನಿಂತವರೂ ಕೇಳುವುದಿಲ್ಲ. ಬೆಂಡೆಯ ಲೋಳೆ, ಚೂರು ಸುಣ್ಣ, ಎಲ್ಲವೂ ಮುಷ್ಟಿಯಲ್ಲಿ ಬಂದು ಮೌನದಲ್ಲಿ ಬೀಳುತ್ತವೆ. ಹೇಳಿದರೆ ಹದ ಕೆಡುತ್ತದೆ, ಕಣ್ಣು ಬೀಳುತ್ತದೆ ಎಂದು ನಂಬಿಕೆ. ನಾನು ಬೆಲ್ಲದ ವ್ಯಾಪಾರದ ಮನೆಯವನಾದ್ದರಿಂದ ಇದು ನನಗೆ ಗೊತ್ತಿದ್ದದ್ದೇ. ನಮ್ಮ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಯಾರಿಗೆ ಹೊಳೆಯಬೇಕು?

ಮಳೆಗಾಲವೆಲ್ಲ ದುಡಿದೆವು. ಬಾಯ್ಲರ್ ಕೊಳವೆಗಳನ್ನು ಬಿಚ್ಚಿ ಸುಣ್ಣದ ಗಡ್ಡೆ ಕೆರೆದೆವು. ತಣ್ಣೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸುವ ಹೈಡ್ರಾಲಿಕ್ ಟೆಸ್ಟಿನಲ್ಲಿ ಗಂಗಿ ಒಂದು ಹನಿಯನ್ನೂ ಬಿಡಲಿಲ್ಲ. ಶೆಡ್ಡಿನ ಬಾವಿಯ ನೀರು ಗಡಸು, ಹಾಗಾಗಿ ಹೊಸ ಗಡ್ಡೆ ಕಟ್ಟದಂತೆ ನೀರಿಗೆ ಬಟ್ಟೆ ಒಗೆಯುವ ಸೋಡಾ ಬೆರೆಸುವುದು ನಮ್ಮ ದಿನನಿತ್ಯದ ಪದ್ಧತಿ. ಆಯುಧ ಪೂಜೆಯ ಖಂಡೆ ನವಮಿಗೆ ಎರಡು ದಿನ ಮೊದಲು ಬೆಂಕಿ ಹಾಕಿ ಉಗಿ ಎಬ್ಬಿಸಿದೆವು. ಎಲ್ಲ ಸರಿ ಹೋಯಿತು, ಆದರೆ ಗೇಜ್ ಗ್ಲಾಸಿನಲ್ಲಿ ಸ್ವಲ್ಪ ನೊರೆ ಕಂಡಿತು. ಗೇಜ್ ಗ್ಲಾಸ್ ಎಂದರೆ ಒಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ನಳಿಗೆ. ಡ್ರೈವರನ ಪ್ರಾಣ ಅದರಲ್ಲಿರುತ್ತದೆ. ಗಡ್ಡೆ ಕೆರೆದ ಕೆಸರು ಇನ್ನೂ ಉಳಿದಿದೆ, ಅದಕ್ಕೇ ನೊರೆ ಎಂದು ನಾನು ಹೇಳಿದೆ.

"ಉಕ್ಕಾಕತ್ತಾಳ," ಎಂದು ಕಲ್ಲಪ್ಪ ಗಾಜಿಗೆ ಕಣ್ಣು ಹಚ್ಚಿ ನೋಡುತ್ತಲೇ ನಿಂತ.

"ತೊಳದರ ಹೋಗತೈತಿ. ಚಿಂತಿ ಮಾಡಬ್ಯಾಡ," ಎಂದೆ.

ಬೆಂಕಿ ತೆಗೆದು, ತಣಿಸಿ, ನವಮಿಯ ದಿನ ಮತ್ತೆ ಪೂರ್ತಿ ತೊಳೆದು ಸೋಡಾ ಬೆರೆಸಿದ ಹೊಸ ನೀರು ತುಂಬಿಸತೊಡಗಿದೆವು. ಸಂಜೆ ಶೆಡ್ಡಿನಲ್ಲಿ ಆಯುಧ ಪೂಜೆ. ಪಾನಾ, ಸುತ್ತಿಗೆ, ಗರಗಸಗಳಿಗೆಲ್ಲ ಕುಂಕುಮ ಹಚ್ಚಿ, ಗಂಗಿಯ ಮೂತಿಗೆ ಝೆಂಡು ಹೂವಿನ ಮಾಲೆ ಹಾಕಿದರು. ನಾನು ಬೆಂಕಿಯ ಪೆಟ್ಟಿಗೆಯೊಳಗೆ ಕೂತು ಅದರ ಚಾವಣಿಯ ಸೀಸದ ಪ್ಲಗ್ ನೋಡುತ್ತಿದ್ದೆ. ಕಲ್ಲಪ್ಪ ಬಾಯ್ಲರಿನ ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಅಲ್ಲಿನ ರಂಧ್ರಕ್ಕೆ ಲಾಳಿಕೆ ಇಟ್ಟು ನೀರಿನ ಕೊಳವೆ ಹಿಡಿದಿದ್ದ. ಅವನ ಬಾಯಿ ಏನನ್ನೋ ಮಣಮಣ ಅನ್ನುತ್ತಿತ್ತಂತೆ. ದೇವರ ನಾಮ ಇರಬೇಕೆಂದು ಕೆಳಗಿನವರು ಅಂದುಕೊಂಡರಂತೆ.

ದಸರೆಯ ಮಾರನೆಯ ದಿನ ಅಧಿಕಾರಿ ಹೇಳಿದ ವೇಳೆಗೆ ಬಂದರು. ಖಾಲಿ ಜಾಗದ ಅಂಚಿನಲ್ಲಿ ಹಳಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಸಿದರು. ಎಂಜಿನ್ನಿನ ಮುಂದಿನ ಬಫರ್ ಅದನ್ನು ದಾಟಬೇಕು, ಅಷ್ಟೇ. ಗುತ್ತಿಗೆದಾರನೂ ಬಂದಿದ್ದ, ಕೊಡೆ ಹಿಡಿದು ದೂರ ನಿಂತಿದ್ದ. ಹಳಿಯ ಎರಡೂ ಬದಿ ಜನವೋ ಜನ. ಫೌಂಡ್ರಿಯವರು, ತಾಲೀಮಿನ ಪೈಲ್ವಾನರು, ಪೇಟೆಯ ಹಮಾಲರು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡ ಹೆಂಗಸರು. ಎಂಜಿನ್ ಮೇಲೆ ನಾವು ಮೂವರು: ಚಾಚಾ, ಅಧಿಕಾರಿ, ಬೆಂಕಿಗೆ ನಾನು.

ಒತ್ತಡ ನೂರಾ ಇಪ್ಪತ್ತು ಪೌಂಡಿಗೆ ಏರಿತು. ಗಾಜಿನಲ್ಲಿ ನೀರು ಮುಕ್ಕಾಲು ಮಟ್ಟದಲ್ಲಿ ಕದಲದೆ ನಿಂತಿತ್ತು, ನೊರೆ ಕಾಣಲಿಲ್ಲ. ಚಾಚಾ ಬಿಸ್ಮಿಲ್ಲಾ ಎಂದು ಪಿಸ್ಟನ್ನಿಗೆ ಉಗಿ ಬಿಡುವ ರೆಗ್ಯುಲೇಟರ್ ಎಳೆದರು. ಹನ್ನೊಂದು ವರ್ಷ ಎಕ್ಕೆಗಿಡಗಳಲ್ಲಿ ನಿಂತವಳು ಒಂದು ಸಲ ನರಳಿ, ಹೊರಟಳು. ಜನರ ಕೂಗು ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಚಾಚಾನ ಗಡ್ಡ ನಡುಗುತ್ತಿತ್ತು.

ಮುಕ್ಕಾಲು ದಾರಿಯಾಗಿರಬೇಕು. ಚಾಚಾ ಗಾಜು ನೋಡಿ ನಕ್ಕರು. "ಇವತ್ತ ನೀರ ಕೇಳವಲ್ಲಳು ನೋಡು. ತುಂಬೇ ಐತಿ."

ನಾನು ಗಾಜಿನ ಕಡೆ ತಿರುಗಿದೆ. ಗಂಗಿ ನೀರು ಕೇಳುತ್ತಿಲ್ಲ? ಉಗಿ ಖರ್ಚಾದಂತೆ ಗಾಜಿನ ಮಟ್ಟ ಇಳಿಯಬೇಕು. ಅದು ಏರಿ, ತುದಿಯವರೆಗೆ ತುಂಬಿ ನಿಂತಿತ್ತು. ತುಂಬಿದೆ ಎಂದು ನಂಬಿ ಚಾಚಾ ಬಾಯ್ಲರಿಗೆ ನೀರು ನೂಕುವ ಇಂಜೆಕ್ಟರನ್ನು ಒಮ್ಮೆಯೂ ತೆರೆದಿರಲಿಲ್ಲ. ಅಷ್ಟರಲ್ಲಿ ಹೊಗೆಕೊಳವೆಯಿಂದ ಬಿಳಿ ನೊರೆ ಮುದ್ದೆಮುದ್ದೆಯಾಗಿ ಹಾರಿ ಅಧಿಕಾರಿಯ ಅಂಗಿಯ ಮೇಲೆ ಬಿತ್ತು. ಹೊರಗೆ ಜನ ಅದನ್ನೂ ಹಬ್ಬವೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ಗಾಜಿನ ಕೆಳಗಿನ ಪುಟ್ಟ ನಲ್ಲಿ ತೆರೆದೆ. ನೀರು ಬರಲಿಲ್ಲ, ನೊರೆ ಬಂದು ಕಾಲ ಕೆಳಗಿನ ತಗಡಿನ ಮೇಲೆ ಹರಡಿತು. ಬೂಟು ಜಾರಿತು. ಮೂಗಿಗೆ ಬಡಿದ ವಾಸನೆ ಉಗಿಯದಲ್ಲ, ಕಲ್ಲಿದ್ದಲಿನದಲ್ಲ. ಬಟ್ಟೆ ಒಗೆಯುವ ಸಾಬೂನಿನದು, ಅದರಡಿಯಲ್ಲಿ ಶೇಂಗಾ ಎಣ್ಣೆಯದು.

ಎಣ್ಣೆಗೆ ಸೋಡಾ ಸೇರಿಸಿ ಕುದಿಸಿದರೆ ಸಾಬೂನಾಗುತ್ತದೆ. ನಮ್ಮ ಬಾಯ್ಲರ್ ಸಾಬೂನಿನ ಕೊಪ್ಪರಿಗೆಯಾಗಿತ್ತು. ಗಾಜು ತೋರಿಸುತ್ತಿದ್ದದ್ದು ಬುರುಗು.

"ರೆಗ್ಯುಲೇಟರ್ ಮುಚ್ಚ್ರಿ, ಚಾಚಾ."

ಅವರು ನನ್ನ ಮುಖ ನೋಡಿ ಮುಚ್ಚಿದರು. ಉಗಿಯ ಎಳೆತ ನಿಂತೊಡನೆ ಒಳಗಿನ ಬುರುಗು ಕುಸಿಯಿತು. ಗಾಜಿನ ಮಟ್ಟ ಸರ್ರನೆ ಇಳಿದು, ಕೆಳಗಿನ ನಟ್ಟಿನ ಹಿಂದೆ ಮಾಯವಾಯಿತು. ಗಾಜು ಖಾಲಿ.

ಓದುವವರಿಗೆ ಇಲ್ಲಿ ಒಂದು ಮಾತು ತಿಳಿಸಿಬಿಡಬೇಕು. ಬೆಂಕಿಯ ಪೆಟ್ಟಿಗೆಯ ಚಾವಣಿ ತಗಡಿನ ಮೇಲೆ ಸದಾ ನೀರಿರಬೇಕು. ನೀರು ಸರಿದರೆ ತಗಡು ಕೆಂಪಗೆ ಕಾಯುತ್ತದೆ. ಕಾದ ಮೇಲೆ ತಣ್ಣೀರು ನೂಕಿದರೆ ಬಾಯ್ಲರ್ ಸಿಡಿಯುತ್ತದೆ. ಚಾವಣಿಯಲ್ಲಿರುವ ಸೀಸದ ಪ್ಲಗ್ ಕರಗಿ, ಉಗಿಯನ್ನು ಬೆಂಕಿಯ ಮೇಲೆ ಬಿಟ್ಟು ಆರಿಸಬೇಕು, ಆದರೆ ಪ್ಲಗ್ಗನ್ನು ನಂಬಿ ಸತ್ತವರ ಸುದ್ದಿ ನನ್ನ ಕಸಬಿನವರಿಗೆಲ್ಲ ಗೊತ್ತು. ನೀರು ಕಣ್ಣಿಗೆ ಕಾಣದಿದ್ದರೆ ಮಾಡಬೇಕಾದ್ದು ಒಂದೇ. ನೀರು ಹಾಕಬಾರದು, ಬೆಂಕಿ ತೆಗೆಯಬೇಕು. ಬೆಂಕಿ ತೆಗೆದರೆ ಗಂಗಿ ಅಲ್ಲೇ ಸಾಯುತ್ತಾಳೆ.

ಸುಣ್ಣದ ಗೆರೆ ಕಾಣುತ್ತಿತ್ತು. ಗಂಗಿ ಇದ್ದ ವೇಗದಲ್ಲೇ ಉರುಳುತ್ತ ಹೋಗಿ, ಗೆರೆಗೆ ನಾಲ್ಕು ಗಾಡಿಯಷ್ಟು ದೂರದಲ್ಲಿ ನಿಂತುಬಿಟ್ಟಳು.

"ಒಂದ ಸಲಾ ಉಗಿ ಕೊಡತೇನಿ, ಮೇಸ್ತ್ರಿ," ಎಂದರು ಚಾಚಾ. ಅವರ ಕೈ ರೆಗ್ಯುಲೇಟರ್ ಬಿಟ್ಟಿರಲಿಲ್ಲ. "ಒಂದ ಸಲಾ, ಅಷ್ಟ. ಗೆರಿ ದಾಟತಾಳ. ಆಮ್ಯಾಲ ಏನರ ಮಾಡು."

"ಜನಾ ನೋಡ್ರಿ, ಚಾಚಾ."

ಅವರು ನೋಡಿದರು. ಎಂಜಿನ್ ನಿಂತದ್ದೇ ತಡ, ಜನ ಹತ್ತಿರ ಬಂದು ಬಿಸಿ ತಗಡಿಗೆ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಒಬ್ಬಳು ಕೂಸಿನ ಕೈಯನ್ನು ಹಿಡಿದು ತೋರಿಸುತ್ತಿದ್ದಳು. ನಾನು ಸಲಿಕೆಗೆ ಕೈ ಹಾಕಿದೆ. ಚಾಚಾ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ನನ್ನ ಬೆಂಕಿ. ನಾನ ತಗೀತೇನಿ."

ಅವರು ಹಸಿ ಬೂದಿ ಎರಚಿ, ಉರಿಯುವ ಕಲ್ಲಿದ್ದಲನ್ನು ಸಲಿಕೆ ಸಲಿಕೆಯಾಗಿ ಎಳೆದು ಹಳಿಯ ಪಕ್ಕಕ್ಕೆ ಹಾಕಿದರು. ನಾನು ಜನರನ್ನು ಬೈದು ಬೈದು ಹಿಂದಕ್ಕೆ ಓಡಿಸಿದೆ. ಅಂದು ನನ್ನ ಸಿಟ್ಟು ಕೆಲಸಕ್ಕೆ ಬಂತು. ಅಧಿಕಾರಿ ಕೆಳಗಿಳಿದವರು ಓಡಿಹೋಗಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ಅವರೂ ನನ್ನ ಜೊತೆ ಜನರನ್ನು ತಳ್ಳುತ್ತಿದ್ದರು.

ಬೆಂಕಿ ತಣ್ಣಗಾದ ಮೇಲೆ, ಉಗಿ ಇಳಿದ ಮೇಲೆ, ತಾತ್ಯಾ ಬಂದರು. "ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಕೇಳಿದರು, ಏನಾಯಿತೆಂದು. ಹೇಳಿದೆ. ಅವರು ಕೋಟು ಬಿಚ್ಚಿ ನೆಲಕ್ಕೆ ಎಸೆದು, ಹೋಗಿ ಎಂಜಿನ್ನಿನ ಹಿಂಭಾಗಕ್ಕೆ ಭುಜ ಕೊಟ್ಟರು. ಪೈಲ್ವಾನರು ಬಂದರು. ಹಮಾಲರು ಚಕ್ರದಡಿ ಹಾರೆ ಹಾಕಿದರು. ಮಲ್ಲೇಶಿ, ಅವನ ಹೆಂಡತಿ, ಹೆಸರು ಗೊತ್ತಿಲ್ಲದ ನೂರು ಮಂದಿ. ಗಂಗಿ ಅಲುಗಿದಳು. ಇಂಚು ಇಂಚಾಗಿ ಸರಿದು, ಬಫರ್ ಸುಣ್ಣದ ಗೆರೆ ದಾಟಿತು. ಎಲ್ಲರೂ ಏದುಸಿರು ಬಿಡುತ್ತ ಅಧಿಕಾರಿಯ ಕಡೆ ತಿರುಗಿದರು.

ಅವರು ಬಗ್ಗಿ ಸುಣ್ಣದ ಗೆರೆ ನೋಡಿದರು. "ಗಾಡಿ ಬಂತು, ಒಪ್ತೀನಿ," ಎಂದರು. "ಆದ್ರೆ ಇದು ನಿಮ್ಮ ಬಲ. ನಾನು ಬರೀಬೇಕಾದ್ದು ಅದರ ಬಲಾನ. ಸುಳ್ಳು ಬರೆದ್ರೆ ನಾಳೆ ಬೇರೆ ಯಾವುದೋ ಬಾಯ್ಲರ್‌ಗೂ ಸುಳ್ಳು ಬರೀತೀನಿ. ನನ್ನ ಕೈಲಿ ಆಗಲ್ಲ."

ನನಗೆ ಅವರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ನಾನೂ ಬಾಯ್ಲರಿನವನು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅವರು ಹೋದ ಮೇಲೆ ನಮ್ಮವರನ್ನು ನಿಲ್ಲಿಸಿ ಕೇಳಿದೆ. "ಎಣ್ಣೀ ಯಾರ ಹಾಕಿದ್ರಿ?"

ಕಲ್ಲಪ್ಪ ಗುಂಪಿನ ಹಿಂದಿನಿಂದ ಮುಂದೆ ಬಂದ. ಮುಖ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ನಾನ್ರಿ. ನಮ್ಮ ಮನೀ ಶೇಂಗಾ ಎಣ್ಣಿ. ಒಂದ ಡಬ್ಬಿ." ಆಮೇಲೆ, "ಉಕ್ಕಬಾರದಂತ ಹಾಕಿದ್ನಿರಿ. ನಮ್ಮ ಕೊಪ್ಪರಿಗ್ಯಾಗ ನೊರಿ ಮ್ಯಾಲ ಬಂತಂದ್ರ ಎಣ್ಣೀ ಬಿಟ್ಟರ ಕುಂಡ್ರತೈತಿ. ಒಮ್ಮೆನೂ ತಪ್ಪಿಲ್ಲ."

ತಪ್ಪಿರಲಿಲ್ಲ, ನಿಜ. ಕೊಪ್ಪರಿಗೆಯಲ್ಲಿ ಸೋಡಾ ಇರುವುದಿಲ್ಲ. ಅವನು ಹಬ್ಬದ ದಿನ ಮನೆಯ ಒಳ್ಳೆಯ ಎಣ್ಣೆಯನ್ನೇ ತಂದಿದ್ದ. ತಾತ್ಯಾ ಕೈ ಎತ್ತಿದರು, ಮಲ್ಲೇಶಿ ಹಿಡಿದುಕೊಂಡ. ಚಾಚಾ ಮಾತ್ರ ಕಲ್ಲಪ್ಪನ ಎದುರು ಹೋಗಿ ನಿಂತರು.

"ಒಂದ ಮಾತ ಹೇಳಬೇಕಿತ್ತಲ್ಲೋ."

ಅಷ್ಟೇ ಅಂದು, ಎಣ್ಣೆಬಟ್ಟೆ ಹೆಗಲಿಗೆ ಹಾಕಿಕೊಂಡು, ಹಳಿಯ ಗುಂಟ ನಡೆದು ಹೋದರು. ಕಲ್ಲಪ್ಪ ಅಲ್ಲೇ ಜಲ್ಲಿಯ ಮೇಲೆ ಕುಕ್ಕರಿಸಿ ಎರಡೂ ಕೈಯಿಂದ ತಲೆ ಬಡಿದುಕೊಂಡು ಅತ್ತ.

ಗುತ್ತಿಗೆದಾರನಿಗೆ ಒಪ್ಪಿಸುವ ಮೊದಲು ಬಾಯ್ಲರ್ ಬಿಚ್ಚಿ ನೋಡುವ ಕೆಲಸ ನನ್ನದೇ ಆಗಿತ್ತು. ಚಾವಣಿ ತಗಡಿನ ಮೇಲೆ, ರೊಟ್ಟಿ ಹಂಚಿನ ಮೇಲಿರುವಂಥ, ಕಂದು ಜಿಡ್ಡಿನ ಪದರ ಕೂತಿತ್ತು. ತಗಡು ಉಬ್ಬಿರಲಿಲ್ಲ. ಸೀಸದ ಪ್ಲಗ್ ಒಂದು ಕಡೆ ಬೆವರಿದಂತೆ ಮೆತ್ತಗಾಗಿ ನಿಂತಿತ್ತು. ಚಾಚಾ ಇನ್ನೊಮ್ಮೆ ಉಗಿ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಬರೆಯುವುದಿಲ್ಲ. ಬಾಯ್ಲರ್ ಗಟ್ಟಿಯಾಗಿತ್ತು. ಇನ್ನೂ ಇಪ್ಪತ್ತು ವರ್ಷ ಬಾಳುವಷ್ಟು ಗಟ್ಟಿ. ದೀಪಾವಳಿಯ ಮರುವಾರ ಗ್ಯಾಸ್ ಕಟರುಗಳು ಬಂದು ಆ ಗಟ್ಟಿ ಬಾಯ್ಲರನ್ನು ಕೊಯ್ದವು. ಕಲ್ಲಪ್ಪ ಕಟ್ಟಿದ ಇಟ್ಟಿಗೆ ಕಮಾನು ಹಾಗೇ ಇಡಿಯಾಗಿ ಹಳಿಯ ಪಕ್ಕ ಉರುಳಿ ಬಿತ್ತು. ಚಾಚಾ ಆ ವಾರ ಶೆಡ್ಡಿನ ಕಡೆ ಬರಲಿಲ್ಲ. ಮನೆಗೆ ಹೋಗಿ ನೋಡಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದರು, ಊಟ ಬಿಟ್ಟಿದ್ದರು. ಪಕ್ಕದ ಮನೆಯವರಿಗೆ ಹೇಳಿ, ನಾನೂ ದಿನಾ ಹೋಗಿ ಬರತೊಡಗಿದೆ. ನಾ ಇರಬಾರದು ಎಂದಿದ್ದ ಅವರ ಮೊದಲಿನ ಮಾತು ನನ್ನ ಕಿವಿಯಲ್ಲೇ ಇತ್ತು.

ನಾನು ಶೆಡ್ಡಿನಲ್ಲಿ ಒಂದು ನಿಯಮ ತಂದೆ. ಬಾಯ್ಲರಿಗೆ ಏನೇ ಹಾಕಲಿ, ನೀರೇ ಆಗಲಿ, ಹಾಕುವವನು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬ ಕೇಳಿ ಉತ್ತರ ಕೊಟ್ಟ ಮೇಲೆಯೇ ಹಾಕಬೇಕು. ಹುಡುಗರು ನಕ್ಕರು. ನಾನು ನಗಲಿಲ್ಲ. ಕೆಡುಕು ಮಾಡಬೇಕೆಂದು ಬರುವವನನ್ನು ಕಾವಲುಗಾರ ಹಿಡಿಯುತ್ತಾನೆ. ಒಳ್ಳೆಯದಾಗಲಿ ಎಂದು ಸದ್ದಿಲ್ಲದೆ ಬರುವ ಕೈಯನ್ನು ಯಾರು ಹಿಡಿಯಬೇಕು? ಮೂವತ್ತೆರಡು ವರ್ಷದ ನೌಕರಿ ನನಗೆ ಕಲಿಸಿದ್ದು ಇದೊಂದೇ: ಪ್ರೀತಿಯಿಂದ ಮಾಡುವ ಕೆಲಸವನ್ನೂ ಬಾಯಿಬಿಟ್ಟು ಹೇಳಿ ಮಾಡಬೇಕು.

ಕಲ್ಲಪ್ಪ ಪೇಟೆಗೆ ಬಂದಾಗಲೆಲ್ಲ ಚಾಚಾನ ಬಾಗಿಲಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು ಹೋಗುತ್ತಿದ್ದ. ಚಾಚಾ ಅದನ್ನು ಮುಟ್ಟುತ್ತಿರಲಿಲ್ಲ, ಇರುವೆ ತಿನ್ನುತ್ತಿದ್ದವು. ಒಂದು ಹಂಗಾಮು ಪೂರ್ತಿ ಹೀಗೇ ಹೋಯಿತು. ಮುಂದಿನ ಹಂಗಾಮಿನಲ್ಲಿ ಒಂದು ದಿನ ಚಾಚಾ ಮನೆಯಲ್ಲಿ ಇರಲಿಲ್ಲ. ನಾನು ಓಣಿಯಲ್ಲಿ ವಿಚಾರಿಸಿದೆ. ಪಕ್ಕದ ಮನೆಯಾಕೆ, ನೇಸರಿ ಬಸ್ಸು ಹತ್ತಿದರು ಎಂದಳು. ನಾನೂ ಮುಂದಿನ ಬಸ್ಸು ಹತ್ತಿ ಹೋದೆ.

ಕಲ್ಲಪ್ಪನ ಕಬ್ಬಿನ ಗಾಣದಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಒಲೆಯ ಬಾಯಿ ಹಿಂದೆ, ತಗ್ಗಿನಲ್ಲಿದೆ. ಅಲ್ಲಿ ಕೂತವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಆ ತಗ್ಗಿನಲ್ಲಿ, ಹೆಗಲಿಗೆ ಎಣ್ಣೆಬಟ್ಟೆ ಹಾಕಿಕೊಂಡು, ದಸ್ತಗೀರ್ ಚಾಚಾ ಕಬ್ಬಿನ ಒಣಗಿದ ಗರಿ, ರವದಿಯನ್ನು ಒಲೆಗೆ ನೂಕುತ್ತಿದ್ದರು. ನನ್ನನ್ನು ನೋಡಿದರು, ಮತ್ತೊಂದು ಹಿಡಿ ನೂಕಿದರು. ಮೇಲೆ ನೊರೆ ಏರಿ ಕೊಪ್ಪರಿಗೆಯ ಅಂಚಿಗೆ ಬಂತು. ಕಲ್ಲಪ್ಪ ಎಣ್ಣೆಯ ಸೌಟು ಎತ್ತಿದ. ಹಾಕಲಿಲ್ಲ.

"ಚಾಚಾ, ಎಣ್ಣೀ ಹಾಕಾಕತ್ತೇನಿ," ಎಂದು ಗಟ್ಟಿಯಾಗಿ ಕೂಗಿದ.

ಸುತ್ತಲಿನವರು ಮುಖ ಮುಖ ನೋಡಿಕೊಂಡರು. ಗುಳವ್ಯಾ ಕೊಪ್ಪರಿಗೆಯ ಮುಂದೆ ಬಾಯಿ ಬಿಟ್ಟದ್ದನ್ನು ಆ ಊರು ಕೇಳಿರಲಿಲ್ಲ. ಕೆಳಗಿನಿಂದ ಉತ್ತರ ಬರಲಿಲ್ಲ. ನೊರೆ ಅಂಚು ದಾಟಿ ಒಂದು ಕಡೆ ಚೆಲ್ಲತೊಡಗಿತು, ಒಂದು ದಿನದ ದುಡಿಮೆ ಮಣ್ಣಿಗೆ ಇಳಿಯುತ್ತಿತ್ತು. ಕಲ್ಲಪ್ಪ ಸೌಟು ಹಿಡಿದುಕೊಂಡು ನಿಂತೇ ಇದ್ದ.

"ಎಷ್ಟ?" ಎಂದಿತು ತಗ್ಗಿನಿಂದ ಚಾಚಾನ ದನಿ.

"ಅರ್ಧಾ ಸೌಟ, ಚಾಚಾ."

"ಹಾಕು."